ನಾಮಕೋಳಿ, ಎಂಟನೆಯ ಕೊಳ

ಲಾಸ್ ಬ್ಯಾನೋಸ್ ಅಂದರೆ ಸ್ನಾನದ ಜಾಗಗಳು
ಅಂತ ಅವೆಲೀನೊ ಹೇಳಿದ್ದು, ಬೂಟಿನ ಕೆಸರು ಕೊಡವುತ್ತ.
ಊರಾಚೆ ಎಂಟನೆಯ ಕೊಳ. ಜೊಂಡು ಆಳೆತ್ತರ.
ಹತ್ತಿಯ ಹೊಲಗಳು ಕುಡಿದು ಬಿಟ್ಟ ನೀರೆಲ್ಲ
ನೆಲದಡಿಯ ಕೊಳವೆಗಳಲ್ಲಿ ಹರಿದು
ಇಲ್ಲಿ ಬಂದು ಬಿಸಿಲು ಕಾಯುತ್ತದೆ.
ಕನ್ನಡಿ. ಕೊಳೆಯಿಲ್ಲ, ನಾತವಿಲ್ಲ.
ಕೆಟ್ಟ ನೀರು ಹೀಗೂ ಇರುತ್ತದೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನ ಕೆಲಸ ಗೂಡು ಎಣಿಸುವುದು.
ಎದೆಯ ತನಕ ರಬ್ಬರು, ಕುತ್ತಿಗೆಗೆ ಪೆನ್ಸಿಲು,
ಕೈಯಲ್ಲೊಂದು ಡಬ್ಬಿ, ಅರ್ಧ ನಲ್ಲಿ ನೀರು.
ತೇಲಿಬಿಟ್ಟರೆ ಮೊಟ್ಟೆಯೇ ತನ್ನ ವಯಸ್ಸು ಹೇಳುತ್ತದೆ:
ಅಡ್ಡ ಮಲಗಿತೋ, ಮೊನ್ನೆ ಇಟ್ಟದ್ದು.
ತಳದಲ್ಲಿ ನೆಟ್ಟಗೆ ನಿಂತಿತೋ, ವಾರ ದಾಟಿದೆ.
ತಲೆ ಮೇಲೆತ್ತಿ ತೇಲಿತೋ,
ಇನ್ನೇನು, ನಾಳೆ ನಾಡಿದ್ದು.

ಗೂಡಿನವಳು ಐದು ಮಾರು ದೂರದಲ್ಲಿ ನಿಂತು ಬಯ್ಯುತ್ತಾಳೆ.
ಕಪ್ಪು ಮೈ, ಹಣೆಗೆ ಬಿಳಿ.
ಇಲ್ಲಿಯವರಿಗೆ ಕೂಟ್.
ನಮ್ಮ ಕೆರೆಗಳಲ್ಲಿ ಇವಳ ಅಕ್ಕತಂಗಿಯರಿಗೆ ನಾಮಕೋಳಿ.
ನಾಮ ಇಟ್ಟುಕೊಂಡವಳು ನೀನು, ಸರಿ ತಾಯಿ,
ನಾಮ ಹಾಕಿದ್ದು ಯಾರು?

ಸೆಲೆನಿಯಂ. ಬೆಟ್ಟದ ಕಲ್ಲಿನಲ್ಲಿ ತಣ್ಣಗೆ ಮಲಗಿದ್ದದ್ದು,
ನೀರು ತಾಕಿ ಎದ್ದುಬಂತು.
ಹೆಸರಿನ ಮೊದಲೆರಡಕ್ಷರಕ್ಕೆ ನನ್ನ ಭಾಷೆಯಲ್ಲಿ ಅರ್ಥವಿದೆ ಅಂತ
ಮಾರ್ಲಿಸ್‌ಗೆ ಹೇಳಹೋಗಿ ನಿಲ್ಲಿಸಿದೆ.
ಸೆಲೆ. ನೀರು ಜಿನುಗುವ ತಾಣ.
ನೀರಿನಿಂದ ಪಾಚಿಗೆ, ಪಾಚಿಯಿಂದ ಹುಳಕ್ಕೆ, ಹುಳದಿಂದ ಇವಳಿಗೆ.
ಇವಳು ತನಗೆಂದು ಉಳಿಸಿಕೊಳ್ಳದೆ
ಹಳದಿಯಲ್ಲಿಟ್ಟು ಕಟ್ಟಿಕೊಟ್ಟಳು.
ಬುತ್ತಿ.

ಗೂಡು ನಲವತ್ತೊಂದು. ಮೂರನೆಯ ಮೊಟ್ಟೆ.
ಫಾರ್ಮು ಕೇಳುತ್ತದೆ, ತುಂಬುತ್ತೇನೆ.
ಕಣ್ಣು: ಎಡ ಇಲ್ಲ, ಬಲ ಇಲ್ಲ.
ಕಾಲು: ಒಂದು, ಅದೂ ಗಂಟು.
ಕೊಕ್ಕು: ಮೇಲಿನದು ಇಲ್ಲ.
ಇತರೆ: ಆ ಚೌಕ ತೀರ ಚಿಕ್ಕದು.

ದ್ವಿಜ ಅಂತ ಹಕ್ಕಿಗೆ ಹೆಸರು, ಒಮ್ಮೆ ಮೊಟ್ಟೆಯಾಗಿ, ಒಮ್ಮೆ ಮೊಟ್ಟೆಯಿಂದ.
ಹಲ್ಲಿಗೂ ಅದೇ ಹೆಸರು, ಬಿದ್ದು ಮತ್ತೆ ಹುಟ್ಟುವುದರಿಂದ.
ಮರಿಯ ಕೊಕ್ಕಿನ ತುದಿಗೆ ಸಾಸಿವೆಯಷ್ಟು ಬಿಳಿ ಹಲ್ಲು ಬರುತ್ತದೆ,
ಚಿಪ್ಪು ಒಡೆಯಲಿಕ್ಕೆಂದೇ; ಆಮೇಲೆ ಉದುರುತ್ತದೆ.
ಇದರಲ್ಲಿ ಹಲ್ಲು ಕೂರುವ ಜಾಗವೇ ಇರಲಿಲ್ಲ.
ಒಂದೇ ಸಲ ಹುಟ್ಟಿದ್ದನ್ನು ಏನೆಂದು ಕರೆಯುವುದು?

ನಾನೂ ನೋಡಲೇ ಅಂದ ಅವೆಲೀನೊ. ಟೋಪಿ ತೆಗೆದ.
ಆ ಕೊಳವೆ ಹೂಳಿದವರಲ್ಲಿ ಅವನೂ ಒಬ್ಬ, ಇಪ್ಪತ್ತೆರಡರ ಹರೆಯದಲ್ಲಿ.
ಉಪ್ಪು ಕಾರುತ್ತಿದ್ದ ಹೊಲ ಬದುಕಿಕೊಂಡದ್ದು ಅದರಿಂದಲೇ.
ಮಸೂರಕ್ಕೆ ಕಣ್ಣಿಟ್ಟ. ತುಂಬ ಹೊತ್ತು.
ಏನೂ ಅನ್ನದೆ, ಹೆಂಡತಿ ಕಳಿಸಿದ್ದನ್ನು ಮೇಜಿನ ಮೇಲಿಟ್ಟು ಹೋದ:
ಈಸ್ಟರಿನ ಸಿಹಿ ಬ್ರೆಡ್ಡು, ನಟ್ಟನಡುವೆ
ಚಿಪ್ಪಿನ ಸಮೇತ ಹುದುಗಿಸಿ ಬೇಯಿಸಿದ ಇಡೀ ಕೋಳಿಮೊಟ್ಟೆ.
ಬ್ರೆಡ್ಡು ತಿಂದೆ.

ಸೋಮವಾರದಿಂದ ಅವನಿಗೆ ಹೊಸ ಕೆಲಸ, ಹಳೆಯ ಸಂಬಳ:
ಹಕ್ಕಿ ಇಳಿಯದಂತೆ ಗ್ಯಾಸಿನ ತೋಪು ಹಾರಿಸುವುದು.
ಢಂ ಅಂದರೆ ಬಾತು, ಗುಳುಮುಳುಕ, ಮೆಟ್ಟುಗಾಲು
ಎಲ್ಲ ಒಟ್ಟಿಗೆ ಎದ್ದು, ಬಾನಿನಲ್ಲೊಂದು ಸುತ್ತು ಹಾಕಿ,
ಕೆಳಗೆ ಫಳಫಳ ನೀರು ಕಂಡು
ಮತ್ತೆ ಅಲ್ಲಿಗೇ.
ಇನ್ನೆಲ್ಲಿಗೆ ಹೋಗಲಿ? ಇದ್ದ ಜೌಗೆಲ್ಲ ಹತ್ತಿಯಾಗಿದೆ.
ಅವೆಲೀನೊ ಕಿವಿಗೆ ಅರಳೆ ತುರುಕಿಕೊಂಡು
ಇನ್ನೊಂದು ಹಾರಿಸುತ್ತಾನೆ.

ನಲವತ್ತೊಂದರವಳು ಮಾತ್ರ ಏಳಲಿಲ್ಲ.
ಇಪ್ಪತ್ತಮೂರನೆಯ ದಿನ ಒಡೆಯಬೇಕಿತ್ತು, ಇಂದಿಗೆ ಮೂವತ್ತನಾಲ್ಕು.
ತೋಪಿಗೆ ತಲೆ ತಗ್ಗಿಸಿದಳು, ಎತ್ತಿದಳು,
ಕೊಕ್ಕಿನಿಂದ ಒಂದೊಂದನ್ನೇ ಹೊರಳಿಸಿ ಸರಿಯಾಗಿ ಕೂತಳು.
ಕುಕ್ಕಿಸಿಕೊಂಡೇ ಕೈ ಹಾಕಿದೆ. ಅಡಿಯಲ್ಲಿ ಕಾವು ಹಾಗೇ ಇತ್ತು.
ಒಂದನ್ನು ತೆಗೆದು ಡಬ್ಬಿಯಲ್ಲಿ ಬಿಟ್ಟೆ.
ಹಗುರಾಗಿ, ತಲೆ ಮೇಲೆತ್ತಿ, ತೂಗುತ್ತ,
ಅದು ಇನ್ನೂ ಹೇಳುತ್ತಿದೆ
ನಾಳೆ, ನಾಡಿದ್ದು.